ಮಳೆಗೆ ಹೆದರುವ ಛತ್ರಿ

ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ನಾನು ‘ಡಿಶ್’ ಅಂದೆ. ಕೌಂಟರಿನ ಹಿಂದಿದ್ದ ಹುಡುಗ ‘ಛತ್ರಿ ಚಾಹಿಯೇ ಕ್ಯಾ, ಆಂಟಿ?’ ಅಂದ. ಮುಂಬಯಿಯ ಬಾಯಲ್ಲಿ ಟಿವಿಯ ತಟ್ಟೆಗೆ ಛತ್ರಿ ಎಂದೇ ಹೆಸರು. ನಮ್ಮ ಭಾಷೆಯಲ್ಲಿ ಛತ್ರಿ ಅಂದರೆ ಕೊಡೆಯೂ ಹೌದು, ನಂಬಿಸಿ ಕೈಕೊಡುವ ಆಸಾಮಿಯೂ ಹೌದು ಅಂತ ಆ ಹುಡುಗನಿಗೆ ಹೇಗೆ ಗೊತ್ತಿರಬೇಕು! ನಗು ನುಂಗಿಕೊಂಡು ದುಡ್ಡು ಎಣಿಸಿದೆ. ತಟ್ಟೆ, ಎಲ್‌ಎನ್‌ಬಿ (ತಟ್ಟೆಯ ಎದುರು ಸಿಗ್ನಲ್ ಹಿಡಿಯುವ ಮೂತಿ), ಸೆಟ್‌ಟಾಪ್ ಬಾಕ್ಸ್, 15 ಮೀಟರ್ ವಾಯರ್ ಎಲ್ಲ ಸೇರಿ 1,650 ರೂಪಾಯಿ. 2024ರ ಏಪ್ರಿಲ್‌ನ ಮಾತು. ಆಮೇಲೆ ಎರಡು ಮಳೆಗಾಲ ಕಳೆದಿವೆ. ‘ಫ್ರೀ ಡಿಶ್ ಹಾಕಿಸಿಕೊಂಡಿರಂತೆ, ಹೇಗಿದೆ?’ ಅಂತ ಸಂಘದ ಕಾರ್ಯಕ್ರಮಕ್ಕೆ ಹೋದಲ್ಲೆಲ್ಲ ಯಾರಾದರೂ ಕೇಳುತ್ತಾರೆ. ಫ್ರೀ ಡಿಶ್ ಅಂದರೆ ದೂರದರ್ಶನದವರ, ತಿಂಗಳ ಬಾಡಿಗೆಯಿಲ್ಲದ ಡಿಶ್ ಸೇವೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ತಂದದ್ದು ಅತ್ತೆಗೋಸ್ಕರ. ಅವರಿಗೆ 84. ಕುಂದಾಪುರದ ಕಡೆಯಿಂದ ಮದುವೆಯಾಗಿ ಗೋರೆಗಾಂವ್‌ಗೆ ಬಂದು ಅರವತ್ತು ವರ್ಷ ಮೀರಿದರೂ ಬಾಯಲ್ಲಿ ಕುಂದಾಪ್ರ ಕನ್ನಡವೇ. ಕಣ್ಣು ಮಂದ, ಕಿವಿ ಮಾತ್ರ ಚುರುಕು. ಬೆಳಿಗ್ಗೆ ಚಂದನ ವಾಹಿನಿಯ ವಾರ್ತೆ, ಮಧ್ಯಾಹ್ನ ಕೃಷಿಯ ಕಾರ್ಯಕ್ರಮ (ಬಿತ್ತಲು ಒಂದು ಕುಂಡದಷ್ಟು ಮಣ್ಣೂ ನಮ್ಮಲ್ಲಿಲ್ಲ), ರಾತ್ರಿ ಸರಿ ಉತ್ತರಕ್ಕೆ ಪುಸ್ತಕ ಕೊಡುವ ಆ ರಸಪ್ರಶ್ನೆ. ಇಷ್ಟು ಸಿಕ್ಕಿದರೆ ಅವರ ದಿನ ಸುಖವಾಗಿ ಕಳೆದಂತೆ. ನಮ್ಮ ಕೇಬಲ್‌ನಲ್ಲಿ ಚಂದನ ಒಂದು ತಿಂಗಳು ಬಂದರೆ ಮುಂದಿನ ತಿಂಗಳು ಮಾಯ. ಬಿಲ್ ವಸೂಲಿಗೆ ಬಂದ ಕೇಬಲ್‌ವಾಲಾನನ್ನು ಕೇಳಿದರೆ ‘ವೋ ಕೌನ್ ದೇಖ್ತಾ ಹೈ, ಟೀಚರ್?’ ಅಂದ. ಒಳಗಿಂದ ಅತ್ತೆ ಕೂಗಿದರು: ‘ನಾ ಕಾಂತ್ನಲ್ದಾ? ನಾ ಜನು ಅಲ್ದಾ?’

ಆ ಪ್ರಶ್ನೆಗೆ ಅವನ ಹತ್ತಿರ ಉತ್ತರವಿರಲಿಲ್ಲ. ರಸೀದಿ ಹರಿದು ಕೊಟ್ಟು ಹೋದ. ಆ ರಸೀದಿಯನ್ನೇ ನಾನು ಅವತ್ತು ಮೊದಲ ಸಲ ಸರಿಯಾಗಿ ಓದಿದೆ. 2019ರಲ್ಲಿ ಟ್ರಾಯ್ (ಕೇಂದ್ರದ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ಹೊಸ ದರಪಟ್ಟಿ ತಂದಾಗ ‘ನೆಟ್‌ವರ್ಕ್ ಕೆಪಾಸಿಟಿ ಫೀ’ ಎಂದು 130 ರೂಪಾಯಿ ಇಟ್ಟಿತು, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಚಾನೆಲ್‌ಗಳ ದುಡ್ಡು ಬೇರೆ. ಇದು ಬರೀ ಬಾಗಿಲು ತೆರೆಯುವುದಕ್ಕೆ. 2024ರ ಜುಲೈಯಲ್ಲಿ ಆ 130ರ ಮಿತಿಯನ್ನೂ ತೆಗೆದರು. ಈಗ ಎಷ್ಟು ಬೇಕಾದರೂ ಇಡಬಹುದು, ಹೇಳಿ ಇಡಬೇಕು ಅಷ್ಟೆ. ಫ್ರೀ ಡಿಶ್‌ಗೆ ಈ ತಂಟೆ ಇಲ್ಲ. ಕಾರ್ಡ್ ಇಲ್ಲ, ರೀಚಾರ್ಜ್ ಇಲ್ಲ, ತಿಂಗಳ ಮೊದಲ ವಾರ ಬಾಗಿಲು ಬಡಿಯುವವನಿಲ್ಲ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ 33 ಚಾನೆಲ್‌ಗಳಿಂದ ಶುರುವಾದದ್ದು. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಎಂಬ ಹೊಸ ಬಗೆಯದ್ದೇ ಕೇಳಿ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಹಳೇ ಎಂಪೆಗ್-2 ಬಾಕ್ಸ್ ತಂದರೆ ಕೆಲವು ಚಾನೆಲ್‌ಗಳು ಕಾಣುವುದೇ ಇಲ್ಲ. ನನಗೂ ಮೊದಲು ಅದನ್ನೇ ದಾಟಿಸಲು ನೋಡಿದ್ದರು.

ಇನ್ನು ಕೂರಿಸುವ ಕೆಲಸ. ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ, ನಮ್ಮ ಮುಂಬಯಿಯಿಂದ ನೋಡಿದರೆ ಆಗ್ನೇಯ ದಿಕ್ಕು. ‘ಅದ್ ಒಲಿ ಇಡು ಮೂಲಿ’ ಅಂದರು ಅತ್ತೆ. ನಮ್ಮ ಅಡುಗೆಮನೆಯ ಕಿಟಕಿ ಆ ಕಡೆಗೇ ಇದೆ, ಆದರೆ ಅದರೆದುರು 22 ಮಹಡಿಯ ಹೊಸ ಟವರ್ ಎದ್ದುನಿಂತಿದೆ. ಹಾಗಾಗಿ ಟೆರೇಸ್‌ಗೇ ಹೋಗಬೇಕಾಯಿತು. ಟೆರೇಸ್ ಅಂದರೆ ಕಟ್ಟಡದ ಹೌಸಿಂಗ್ ಸೊಸೈಟಿ. ಸೊಸೈಟಿ ಅಂದರೆ ಎನ್‌ಒಸಿ, ತಕರಾರಿಲ್ಲವೆಂಬ ಪತ್ರ.

ಸೆಕ್ರೆಟರಿ ಕಾಕಾ ಒಳ್ಳೆಯವರು, ಆದರೆ ಕಾನೂನಿನ ಮನುಷ್ಯ. ‘ಗಚ್ಚಿ ಸಗಳ್ಯಾಂಚಿ ಆಹೆ, ಟೀಚರ್’ ಅಂದರು. ಟೆರೇಸ್ ಎಲ್ಲರದು. ಒಂದು ತಟ್ಟೆ ಇಡಲು ನಾನು ಅರ್ಜಿ ಬರೆದೆ, ತೂತು ಕೊರೆಯುವುದಿಲ್ಲ ಎಂದು ಬರೆದುಕೊಟ್ಟೆ, ನೀರು ಸೋರಿದರೆ ಹೊಣೆ ನನ್ನದು ಎಂದು ಸಹಿ ಹಾಕಿದೆ. ಸಿಟ್ಟೇನೂ ಬರಲಿಲ್ಲ. ಅದೇ ಟೆರೇಸಿನ ಇನ್ನೊಂದು ಮೂಲೆಯಲ್ಲಿ ಮೊಬೈಲ್ ಕಂಪನಿಯ ಟವರ್ ನಿಂತಿದೆ. ಅದರ ಕರಾರು ಪತ್ರ 14 ಪುಟ. ಹಿಂದೆ ಕಮಿಟಿಯಲ್ಲಿದ್ದಾಗ ನಾನೇ ಕೂತು ಓದಿದ್ದೆ. ಬಾಡಿಗೆ ಎಷ್ಟು, ವರ್ಷಕ್ಕೆ ಎಷ್ಟು ಏರಬೇಕು ಎಂಬುದು ಮೊದಲ ಎರಡು ಪುಟದಲ್ಲಿ ಮುಗಿಯುತ್ತದೆ. ಉಳಿದ 12 ಪುಟ ಪೂರಾ ಷರತ್ತು. ರಾತ್ರಿ ಹತ್ತರ ಮೇಲೆ ಜನರೇಟರ್ ಓಡಿಸಬಾರದು, ಮೆಟ್ಟಿಲಲ್ಲಿ ಸಾಮಾನು ಇಡಬಾರದು, ಮಳೆಗಾಲಕ್ಕೆ ಮುಂಚೆ ಬುಡದ ಸಿಮೆಂಟ್ ನೋಡಬೇಕು. ಒಂದು ಷರತ್ತು ತಪ್ಪಿದರೂ ಏಜಿಎಂನಲ್ಲಿ (ಸೊಸೈಟಿಯ ವಾರ್ಷಿಕ ಸಭೆಯಲ್ಲಿ) ನಮ್ಮ ಎರಡನೇ ಮಹಡಿಯ ಕಾಕೂ ಬಿಡುವವರಲ್ಲ. ಬಾಡಿಗೆ ಬಂತು ಅಂತ ಷರತ್ತು ಬಿಟ್ಟುಕೊಟ್ಟವರು ಯಾರೂ ಇಲ್ಲ.

ಅವತ್ತು ತಟ್ಟೆಗೆ ನಟ್ಟು ಬಿಗಿಸುತ್ತಿದ್ದ ಹುಡುಗನ ಪಕ್ಕ ಕೊಡೆ ಹಿಡಿದು ನಿಂತಾಗ ತಲೆಗೆ ಹುಳ ಹೊಕ್ಕಿತು. ಟೆರೇಸ್ ಎಲ್ಲರದು, ಸರಿ. ಟೆರೇಸಿನ ಮೇಲಿನ ಗಾಳಿಯಲ್ಲಿ ಓಡಾಡುವ ಅಲೆಗಳು ಯಾರದು?

ಅದಕ್ಕೆ ಉತ್ತರ ಎಂದೋ ಸಿಕ್ಕಿದೆ. 1993ರ ಹೀರೋ ಕಪ್ ನೆನಪಿದೆಯಲ್ಲ, ತೆಂಡೂಲ್ಕರ್ ಕೊನೆಯ ಓವರ್ ಹಾಕಿ ದಕ್ಷಿಣ ಆಫ್ರಿಕಾವನ್ನು ಕಟ್ಟಿಹಾಕಿದ ಸೆಮಿಫೈನಲ್? ಆ ಟೂರ್ನಿಯ ಪ್ರಸಾರದ ಹಕ್ಕನ್ನು ಬಂಗಾಳ ಕ್ರಿಕೆಟ್ ಸಂಸ್ಥೆ ಹೊರದೇಶದ ಕಂಪನಿಯೊಂದಕ್ಕೆ ಕೊಟ್ಟಿತು. 1885ರ ಟೆಲಿಗ್ರಾಫ್ ಕಾಯ್ದೆ ಹಿಡಿದು ಸರ್ಕಾರ ಅಡ್ಡ ಬಂತು. ಜಗಳ ಸುಪ್ರೀಂ ಕೋರ್ಟ್ ಮುಟ್ಟಿತು. 1995ರ ಫೆಬ್ರವರಿ 9ರಂದು ತೀರ್ಪು. ಮೂವರು ನ್ಯಾಯಮೂರ್ತಿಗಳು: ಪಿ.ಬಿ. ಸಾವಂತ್, ಎಸ್. ಮೋಹನ್, ಬಿ.ಪಿ. ಜೀವನ್ ರೆಡ್ಡಿ. ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಬಳಕೆ ಸಾರ್ವಜನಿಕರ ಹಿತಕ್ಕೆ ತಕ್ಕಂತೆ ನಡೆಯಬೇಕು, ಅದನ್ನು ನೋಡಿಕೊಳ್ಳಲು ಸಮಾಜದ ಎಲ್ಲ ವರ್ಗದವರಿರುವ ಸ್ವತಂತ್ರ ಪ್ರಾಧಿಕಾರ ಬೇಕು ಎಂದರು. ಸರ್ಕಾರ ಒಬ್ಬಂಟಿಯಾಗಿ ಹಿಡಿದುಕೊಂಡು ಕೂರುವುದೂ ತಪ್ಪು, ಹಣವಂತರಿಗೆ ಬಿಟ್ಟುಬಿಡುವುದೂ ತಪ್ಪು ಎಂಬ ಧಾಟಿ. ಸಾವಂತ್ ಸಾಹೇಬರು ನಮ್ಮ ಮುಂಬಯಿ ಹೈಕೋರ್ಟಿನಲ್ಲೇ ವಕೀಲಿಕೆ ಮಾಡಿ, ಅಲ್ಲೇ ನ್ಯಾಯಮೂರ್ತಿಯಾಗಿ ದಿಲ್ಲಿಗೆ ಹೋದವರು. 2021ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಅವರು ಹೇಳಿದ ಆ ಸ್ವತಂತ್ರ ಪ್ರಾಧಿಕಾರ ಅವರ ಕಾಲದಲ್ಲಿ ಬರಲಿಲ್ಲ. 1997ರಲ್ಲಿ ಪ್ರಸಾರ ಭಾರತಿ ಬಂತು, ಆದರೆ ಅದರ ಕೈಯಲ್ಲಿರುವುದು ದೂರದರ್ಶನ, ಆಕಾಶವಾಣಿ ಮಾತ್ರ. 2004ರಲ್ಲಿ ಟ್ರಾಯ್‌ಗೆ ಕೇಬಲ್ ದರ ನೋಡುವ ಕೆಲಸ ಕೊಟ್ಟರು. ಪರದೆಯ ಮೇಲೆ ಏನು ಬರುತ್ತದೆ ಎಂಬುದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಸುಪರ್ದಿಯಲ್ಲೇ ಉಳಿಯಿತು. ಸೊಸೈಟಿ ರಿಜಿಸ್ಟರ್ ಆಗಿದೆ, ಕಮಿಟಿಯ ಚುನಾವಣೆ ಮಾತ್ರ ನಡೆದಿಲ್ಲ ಅಂದ ಹಾಗೆ.

ನನಗೆ ಇದರಲ್ಲಿ ಇನ್ನೊಂದು ತಮಾಷೆ ಕಾಣುತ್ತದೆ. ನಾನು ಚಿಕ್ಕವಳಿದ್ದಾಗ ಅಪ್ಪಯ್ಯ ವರ್ಷಕ್ಕೊಮ್ಮೆ ರೇಡಿಯೊದ ಲೈಸೆನ್ಸ್ ಪುಸ್ತಕ ಹಿಡಿದುಕೊಂಡು ಅಂಚೆ ಕಚೇರಿಗೆ ಹೋಗುತ್ತಿದ್ದರು. ಪಾಸ್‌ಬುಕ್ಕಿನ ಹಾಗೆ ಇತ್ತದು, ಒಳಗೆ ಸ್ಟ್ಯಾಂಪು, ಅದರ ಮೇಲೆ ದುಂಡನೆಯ ಕರಿ ಮುದ್ರೆ. ಒಂದು ವರ್ಷ ಮರೆತು, ಇನ್‌ಸ್ಪೆಕ್ಟರ್ ಬರುತ್ತಾನೆಂದು ಯಾರೋ ಹೆದರಿಸಿದರು. ಅಮ್ಮ ರೇಡಿಯೊವನ್ನು ಅಕ್ಕಿ ಮುಡಿಯ ಹಿಂದೆ ಅಡಗಿಸಿಟ್ಟದ್ದು ನೆನಪಿದೆ. ನಮ್ಮದೇ ಗಾಳಿಯಲ್ಲಿ ಬರುವುದನ್ನು ಕೇಳುವುದಕ್ಕೆ ನಾವು ಬಾಡಿಗೆ ಕೊಡುತ್ತಿದ್ದೆವು. ಆ ಲೈಸೆನ್ಸ್ ಹೋಗಿ ನಾಲ್ಕು ದಶಕವಾಯಿತು. ಈಗ ಅದೇ ಗಾಳಿಯಲ್ಲಿ ಅಂಗಡಿ ಇಟ್ಟವರು ನಮಗೇನು ಕೊಡಬೇಕು?

ಅದೂ ಬರೆದಿಟ್ಟದ್ದಿದೆ. 2022ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ (ಕ್ರೀಡೆಯಂಥ ಕೆಲವನ್ನು ಬಿಟ್ಟು) ಪ್ರತಿ ಚಾನೆಲ್ ದಿನಕ್ಕೆ 30 ನಿಮಿಷ ಸಮಾಜಕ್ಕೆ ಉಪಯೋಗವಾಗುವ ವಿಷಯ ಪ್ರಸಾರ ಮಾಡಬೇಕು. ಶಿಕ್ಷಣ, ಕೃಷಿ, ಆರೋಗ್ಯ, ವಿಜ್ಞಾನ, ಮಹಿಳೆಯರ ಮತ್ತು ದುರ್ಬಲ ವರ್ಗದವರ ಕಲ್ಯಾಣ, ಪರಿಸರ, ರಾಷ್ಟ್ರೀಯ ಐಕ್ಯ ಹೀಗೆ ಎಂಟು ಬಾಬತ್ತು. ಅರ್ಧ ಗಂಟೆ ಒಟ್ಟಿಗೇ ಆಗಬೇಕೆಂದಿಲ್ಲ, ತುಂಡು ತುಂಡಾಗಿಯೂ ನಡೆಯುತ್ತದೆ. ಧಾರಾವಾಹಿಯೊಳಗೆ ತುರುಕಿದರೂ ಲೆಕ್ಕಕ್ಕೆ ಬರುತ್ತದೆ. ಮಧ್ಯರಾತ್ರಿ 12ರಿಂದ ಬೆಳಿಗ್ಗೆ 6ರವರೆಗಿನದ್ದು ಮಾತ್ರ ಲೆಕ್ಕಕ್ಕಿಲ್ಲ. ಪಾಲಿಸಿದ್ದೇವೆ ಎಂದು ಚಾನೆಲ್ ತಾನೇ ಬರೆದುಕೊಟ್ಟರೆ ಆಯಿತು. 29 ವರ್ಷ ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದಿದವಳು ನಾನು. ಮಕ್ಕಳು ತಮ್ಮ ಪತ್ರಿಕೆಗೆ ತಾವೇ ಮಾರ್ಕ್ಸ್ ಹಾಕಿಕೊಳ್ಳುವ ಸೌಭಾಗ್ಯ ಯಾವ ತರಗತಿಗೂ ಸಿಕ್ಕಿದ್ದು ಕಂಡಿಲ್ಲ.

ಹಾಗಾಗಿ ನಾನೇ ಕೂತೆ. ಮಗನ ಕೋಣೆಯಲ್ಲಿ ಕೇಬಲ್ ಇನ್ನೂ ಇದೆ. ಒಂದು ಇಡೀ ಬುಧವಾರ ಒಂದು ಸುದ್ದಿ ಚಾನೆಲ್, ಹೆಸರು ಬೇಡ, ಎಲ್ಲರೂ ನೋಡುವಂಥದ್ದೇ. ಕೈಯಲ್ಲಿ ಹಳೇ ಹಾಜರಿ ಪುಸ್ತಕ, ಕೆಂಪು ಪೆನ್ನು. ಬೆಳಿಗ್ಗೆ ರಾಶಿಫಲ ಮುಕ್ಕಾಲು ಗಂಟೆ. ವಿಜ್ಞಾನದ ಲೆಕ್ಕಕ್ಕೆ ಬರೆದಿರಲಾರರು ಅಂದುಕೊಂಡೆ. ಹನ್ನೊಂದಕ್ಕೆ ‘ಆರೋಗ್ಯ’ ಅಂತ ಕಾರ್ಯಕ್ರಮ. ಸಂತೋಷವಾಗಿ ಪೆನ್ನು ತೆರೆದೆ. ಬಿಳಿ ಕೋಟಿನವರು ಬಂದು ಕೂದಲು ಉದುರುವುದರ ಬಗ್ಗೆ ಮಾತಾಡಿದರು, ಕೆಳಗೆ ಕ್ಲಿನಿಕ್ಕಿನ ಫೋನ್ ನಂಬರ್ ಓಡುತ್ತಿತ್ತು. ಸಂಜೆ ಎಂಟು ಚೌಕದಲ್ಲಿ ಎಂಟು ಮಂದಿ ಒಟ್ಟಿಗೆ ಕೂಗಿದರು. ‘ಎಂತಕ್ ಹಾಂಗ್ ಕೂಗ್ತ್ರ್ ಅವ್ರ್? ಯಾರ್ ಸತ್ರ್?’ ಅಂತ ಅತ್ತೆ ಬಾಗಿಲಿಗೆ ಬಂದರು. ಮಧ್ಯೆ ಗಿಡ ನೆಡುವ ಬಗ್ಗೆ ಒಂದು ತುಣುಕು, ಡೆಂಗಿ ಬಗ್ಗೆ ಒಂದು ತುಣುಕು. ಎರಡೂ ನಿಜಕ್ಕೂ ಚೆನ್ನಾಗಿದ್ದವು, ಹೇಳಬೇಕಾದ್ದು ಹೇಳಲೇಬೇಕು. ರಾತ್ರಿ ಕೂಡಿಸಿದರೆ ನನ್ನ ಲೆಕ್ಕಕ್ಕೆ ನಾಲ್ಕು ನಿಮಿಷವೂ ದಾಟಲಿಲ್ಲ. ಊಟಕ್ಕೆ ಎದ್ದಾಗ ಏನಾದರೂ ತಪ್ಪಿಹೋಗಿರಬಹುದು, ಅದಕ್ಕೆ ಇನ್ನೂ ಐದು ನಿಮಿಷ ಗ್ರೇಸ್ ಮಾರ್ಕ್ಸ್ ಕೊಡುತ್ತೇನೆ.

ಜಾಹೀರಾತಿನ ಕತೆ ಕೇಳಬೇಡಿ. ಕೇಬಲ್ ಟಿವಿ ನಿಯಮದಲ್ಲಿ ಗಂಟೆಗೆ 12 ನಿಮಿಷ ಮಾತ್ರ, ಅದರಲ್ಲೂ ಸ್ವಂತ ಕಾರ್ಯಕ್ರಮದ ಪ್ರಚಾರಕ್ಕೆ 2. ಪರದೆಯ ಕೆಳಭಾಗದಲ್ಲಿ ಜಾಹೀರಾತು ಓಡಿಸಿ ಕಾರ್ಯಕ್ರಮಕ್ಕೆ ಅಡ್ಡ ಬರಬಾರದು ಎಂದೂ ಅದೇ ನಿಯಮದಲ್ಲಿದೆ. ಟ್ರಾಯ್ ಇದನ್ನು ಬಿಗಿ ಮಾಡಲು ಹೊರಟಾಗ ಚಾನೆಲ್‌ಗಳು 2013ರಲ್ಲಿ ದಿಲ್ಲಿ ಹೈಕೋರ್ಟಿಗೆ ಹೋದವು. ಅವತ್ತು ಚರ್ಚೆಯ ಹೊತ್ತಿನಲ್ಲಿ ಪರದೆ ಕುಗ್ಗಿ ಎಡಕ್ಕೊಂದು ಬಣ್ಣದ ಡಬ್ಬ, ಕೆಳಗೊಂದು ಗುಟ್ಕಾ ಕಂಪನಿಯ ‘ಏಲಕ್ಕಿ’. ನಮ್ಮ ಟವರ್‌ನವರು ಹೀಗೆ ಅರ್ಧ ಟೆರೇಸ್ ಒತ್ತುವರಿ ಮಾಡಿದ್ದರೆ ಕಾಕೂ ಪೊಲೀಸ್ ಕರೆಸುತ್ತಿದ್ದರು.

ಫ್ರೀ ಡಿಶ್ ಪುಣ್ಯಕ್ಷೇತ್ರ ಅಂತ ತಿಳಿಯಬೇಡಿ. ಅಲ್ಲೂ ಖಾಸಗಿ ಚಾನೆಲ್‌ಗಳಿಗೆ ಜಾಗ ಸಿಗುವುದು ಇ-ಹರಾಜಿನಲ್ಲಿ, ಹೆಚ್ಚು ಕೂಗಿದವರಿಗೆ. ಹಾಗಾಗಿ ರಿಮೋಟ್ ಒತ್ತುತ್ತಾ ಹೋದರೆ ಹಿಂದಿ ಸಿನಿಮಾ, ಭೋಜಪುರಿ, ಮತ್ತೆ ಹಿಂದಿ ಸಿನಿಮಾ. ಕನ್ನಡದ ಖಾಸಗಿ ಧಾರಾವಾಹಿ ಬೇಕೆನ್ನುವವರು ಇದನ್ನು ಕೊಳ್ಳಬೇಡಿ, ಮನೆಯಲ್ಲಿ ಜಗಳವಾಗುತ್ತದೆ. ಸರ್ಕಾರದ ವಾರ್ತೆ ಸರ್ಕಾರದ ಹಾಗೇ ಇರುತ್ತದೆ ಎಂಬುದನ್ನೂ ಬೇರೆ ಹೇಳಬೇಕಿಲ್ಲ. ಆದರೂ ಅಲ್ಲಿ ಯಾರೂ ಕೂಗುವುದಿಲ್ಲ. 84ರ ಕಿವಿಗೆ ಅದೇ ದೊಡ್ಡ ಸೇವೆ.

ಇದಕ್ಕೆ ನಾನು ಪೂರ್ತಿ ಅಂಕ ಕೊಡುವುದು ಕ್ರಿಕೆಟ್‌ನಲ್ಲಿ. 2007ರ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದ್ದೆಂದು ಸಾರಿದ ಪಂದ್ಯದ ನೇರ ಸಿಗ್ನಲ್ಲನ್ನು ಹಕ್ಕು ಕೊಂಡ ಕಂಪನಿ ಪ್ರಸಾರ ಭಾರತಿಗೆ ಹಂಚಲೇಬೇಕು, ತನ್ನ ಜಾಹೀರಾತು ಇಲ್ಲದೆ. ಅದರ ಮೇಲೆ ಬಂದ ಜಾಹೀರಾತಿನ ದುಡ್ಡಿನಲ್ಲಿ ಟಿವಿಯಾದರೆ ನೂರಕ್ಕೆ 75 ಕಂಪನಿಗೆ, 25 ಪ್ರಸಾರ ಭಾರತಿಗೆ. 2017ರಲ್ಲಿ ಸುಪ್ರೀಂ ಕೋರ್ಟ್ ಆ ಸಿಗ್ನಲ್ ದೂರದರ್ಶನದ ಸ್ವಂತ ಪ್ರಸಾರ ಮತ್ತು ಅದರ ಡಿಟಿಎಚ್‌ಗೆ (ಅಂದರೆ ಫ್ರೀ ಡಿಶ್‌ಗೆ) ಮಾತ್ರ, ಕೇಬಲ್‌ನವರಿಗೆ ಹರಿಸುವಂತಿಲ್ಲ ಎಂದಿತು. ಅಂದರೆ ಅದೇ ಪಂದ್ಯ ಕೇಬಲ್‌ನಲ್ಲಿ ಬೇಕಿದ್ದರೆ ದುಡ್ಡಿನ ಚಾನೆಲ್ಲೇ ಗತಿ, ಛತ್ರಿಯಲ್ಲಿ ಪುಕ್ಕಟೆ. 2024ರ ಜೂನ್ 29, ಟಿ-20 ವಿಶ್ವಕಪ್ ಫೈನಲ್. ಕೆಳಗಿನ ವಾಚ್‌ಮನ್, ಅವನ ಹೆಂಡತಿ, ಇಸ್ತ್ರಿವಾಲಾ, ಅವನ ಎರಡು ಮಕ್ಕಳು ನಮ್ಮ ಹಾಲ್‌ನಲ್ಲಿ ನೆಲದ ಮೇಲೆ. ಮಗನೂ ತನ್ನ ಕೋಣೆ ಬಿಟ್ಟು ಬಂದ. ಕೊನೆಯ ಓವರ್‌ನಲ್ಲಿ ಸೂರ್ಯಕುಮಾರ್ ಗೆರೆಯ ಹತ್ತಿರ ಆ ಕ್ಯಾಚ್ ಹಿಡಿದಾಗ ಇಸ್ತ್ರಿವಾಲಾ ಎದ್ದವನೇ ಅತ್ತೆಯ ಕಾಲಿಗೆ ಬಿದ್ದ. ಯಾಕೆ ಅಂತ ಅವನಿಗೂ ತಿಳಿಯಲಿಲ್ಲ. ಅತ್ತೆ ‘ದೇವ್ರ್ ಒಳ್ಳೇದ್ ಮಾಡ್ಲಿ’ ಅಂದರು, ಅವರಿಗೆ ಯಾರು ಗೆದ್ದದ್ದೆಂದೂ ಗೊತ್ತಿರಲಿಲ್ಲ. ಗಾಳಿಯ ಬಾಡಿಗೆ ನಮ್ಮ ಹಾಲ್‌ವರೆಗೆ ಬಂದು ಮುಟ್ಟಿದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ರಾತ್ರಿ.

ಇನ್ನು ಮಳೆ. ಜುಲೈಯಲ್ಲಿ ಆಕಾಶ ಕಪ್ಪಾದರೆ ಮೊದಲು ಚಿತ್ರ ಚೌಕ ಚೌಕವಾಗುತ್ತದೆ, ಆಮೇಲೆ ನೀಲಿ ಪರದೆ, ‘ಸಿಗ್ನಲ್ ಇಲ್ಲ’. ಇದು ಫ್ರೀ ಡಿಶ್ ಒಂದರದ್ದೇ ದೋಷವಲ್ಲ. ಪಕ್ಕದ ಮನೆಯ ತಿಂಗಳ ಬಾಡಿಗೆಯ ಡಿಶ್ಶೂ ಅದೇ ಕು-ಬ್ಯಾಂಡ್ ಎಂಬ ಅಲೆಯದ್ದು, ಅದೂ ಅದೇ ಹೊತ್ತಿಗೆ ಕಣ್ಣು ಮುಚ್ಚುತ್ತದೆ. ದಪ್ಪ ಹನಿ ಆ ಅಲೆಯನ್ನು ನುಂಗಿಬಿಡುತ್ತದೆ. ತಟ್ಟೆ ಸ್ವಲ್ಪ ದೊಡ್ಡದಿದ್ದರೆ, ದಿಕ್ಕು ಕೂದಲೆಳೆಯೂ ತಪ್ಪದೆ ಕೂತಿದ್ದರೆ ಬೇಗ ಚೇತರಿಸಿಕೊಳ್ಳುತ್ತದೆ. ನನ್ನದು 60 ಸೆಂಟಿಮೀಟರಿನದು. ಜೋರು ಮಳೆಯಲ್ಲಿ ಹತ್ತು ನಿಮಿಷದಿಂದ ಅರ್ಧ ಗಂಟೆವರೆಗೆ ಹೋಗುತ್ತದೆ. ಈ ಊರಿನಲ್ಲಿ ಸುದ್ದಿ ಬೇಕಾಗುವುದೇ ಆ ಅರ್ಧ ಗಂಟೆಯಲ್ಲಿ, ಲೋಕಲ್ ಓಡುತ್ತಿದೆಯೋ ಇಲ್ಲವೋ, ಸಬ್‌ವೇ ಮುಳುಗಿತೋ ಇಲ್ಲವೋ ಅಂತ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ ನಾನು ಅಂಧೇರಿಯಿಂದ ಎಸ್.ವಿ. ರೋಡಿನಲ್ಲಿ ಸೊಂಟದವರೆಗಿನ ನೀರಲ್ಲಿ, ಇಬ್ಬರು ವಿದ್ಯಾರ್ಥಿನಿಯರ ಕೈ ಹಿಡಿದುಕೊಂಡು ನಡೆದು ಬಂದೆ. ಮನೆ ಮುಟ್ಟಿದಾಗ ರಾತ್ರಿ ಹನ್ನೊಂದು. ಕರೆಂಟ್ ಇಲ್ಲ, ಫೋನ್ ಸತ್ತಿದೆ. ಅತ್ತೆ ಮೇಣದಬತ್ತಿಯ ಪಕ್ಕ ಟ್ರಾನ್ಸಿಸ್ಟರ್ ಕಿವಿಗೆ ಹಿಡಿದು ಕೂತಿದ್ದರು. ರೈಲು ನಿಂತದ್ದು, ವಿಮಾನ ನಿಲ್ದಾಣ ಮುಚ್ಚಿದ್ದು ಎಲ್ಲ ಅವರಿಗೆ ಗೊತ್ತು. ನೀರಿನೊಳಗಿಂದ ಎದ್ದು ಬಂದ ನನಗೆ ಏನೂ ಗೊತ್ತಿಲ್ಲ. ಅವರು ಮರಾಠಿಯ ವಾರ್ತೆ ಕೇಳಿ ನನಗೆ ಕುಂದಾಪ್ರ ಕನ್ನಡದಲ್ಲಿ ಹೇಳಿದರು, ನಾನು ಆ ಹುಡುಗಿಯರಿಗೆ. ಆಕಾಶವಾಣಿ ಎಂಬ ಹೆಸರನ್ನು 1935ರಲ್ಲಿ ಮೈಸೂರಿನ ಗೋಪಾಲಸ್ವಾಮಿಯವರ ಪುಟ್ಟ ನಿಲಯಕ್ಕೆ ಇಟ್ಟಿದ್ದರು ಎಂದು ತರಗತಿಯಲ್ಲಿ ಎಷ್ಟು ಸಲ ಪಾಠ ಮಾಡಿದ್ದೆನೋ. ಪದದ ಅರ್ಥ ತಲೆಗೆ ಹತ್ತಿದ್ದು ಆ ರಾತ್ರಿ. ಈಗ ಊರು ತುಂಬ ಖಾಸಗಿ ಎಫ್‌ಎಂ ಇದೆ, ಆದರೆ ಸ್ವಂತ ಸುದ್ದಿ ಓದಲು ಅವುಗಳಿಗೆ ಅನುಮತಿ ಇಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಹಾಗೆ ಹಾಕಬಹುದು ಅಷ್ಟೆ. ಟಿವಿಯಲ್ಲಿ ಎಂಟು ಜನ ಕೂಗಬಹುದು, ಎಫ್‌ಎಂನಲ್ಲಿ ಒಬ್ಬ ತನ್ನದೇ ವಾರ್ತೆ ಓದುವಂತಿಲ್ಲ. ಇದು ಯಾವ ಲೆಕ್ಕ ಅಂತ ನನಗೆ ಇವತ್ತಿಗೂ ಹೊಳೆದಿಲ್ಲ.

ಕೊಳ್ಳುವವರಿಗೆ ಒಂದೆರಡು ಮಾತು. ಮನೆಯಲ್ಲಿ ಚಂದನ ನೋಡುವ ಹಿರಿಯರಿದ್ದರೆ, ಭಾರತದ ಪಂದ್ಯ ಪುಕ್ಕಟೆ ಬೇಕಿದ್ದರೆ ಕಣ್ಣುಮುಚ್ಚಿ ತನ್ನಿ. ನನ್ನ ದುಡ್ಡು ಹಾಲ್‌ನ ಐದು ತಿಂಗಳ ಕೇಬಲ್ ಬಿಲ್ಲಿನಲ್ಲಿ ಹುಟ್ಟಿತು. ಫಿಟ್ಟಿಂಗ್ ಹುಡುಗನಿಗೆ 300 ಬೇರೆ. ಮೇ ತಿಂಗಳಲ್ಲಿ ನಟ್ಟಿಗೆ ಗ್ರೀಸ್ ಸವರಿ, ಎಲ್‌ಎನ್‌ಬಿಯ ತುದಿಗೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿಸಿ. ನಾನು ಮೊದಲ ವರ್ಷ ಮಾಡಲಿಲ್ಲ, ನೀರು ಇಳಿದು ಕನೆಕ್ಟರ್ ಹಸಿರುಗಟ್ಟಿತು. ಟೆರೇಸಿನಲ್ಲಿ ಕಾಗೆ ತಟ್ಟೆಯ ಮೇಲೆ ಕೂತರೂ ದಿಕ್ಕು ಕದಲುತ್ತದೆ.

ಮೊನ್ನೆ ಏಜಿಎಂ ನೋಟಿಸ್ ಬಂತು. 5ನೇ ವಿಷಯ ಮೊಬೈಲ್ ಟವರ್ ಕರಾರಿನ ನವೀಕರಣ. 6ನೇದು ಟೆರೇಸ್ ವಾಟರ್‌ಪ್ರೂಫಿಂಗ್, ಸದಸ್ಯರು ತಮ್ಮ ತಮ್ಮ ಡಿಶ್‌ಗಳನ್ನು ತೆಗೆಯತಕ್ಕದ್ದು. ಟವರ್ ತೆಗೆಯತಕ್ಕದ್ದು ಅಂತ ಎಲ್ಲೂ ಇಲ್ಲ. ಅದನ್ನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿಟ್ಟಿದ್ದೇನೆ, ಭಾನುವಾರ ಕೇಳುವುದಕ್ಕೆ. ಛತ್ರಿ ಇಳಿಸಿ ಮತ್ತೆ ಕೂರಿಸಲು ಹುಡುಗ ಈಗ 400 ಅಂದಿದ್ದಾನೆ, ಹತ್ತು ದಿನ ಬೇಕಂತೆ. ‘ಹತ್ತ್ ದಿನು ನಾ ಎಂತ ಮಾಡುದ್?’ ಅಂತ ಅತ್ತೆ ಬೆಳಿಗ್ಗೆಯಿಂದ ಕೇಳುತ್ತಿದ್ದಾರೆ. ಟ್ರಾನ್ಸಿಸ್ಟರಿಗೆ ಎರಡು ಸೆಲ್ ತಂದಿಟ್ಟಿದ್ದೇನೆ.